ಸಹಾಯ ಬೇಕು: ಅಪ್ಪನ ರೇಡಿಯೇಷನ್ ಮತ್ತು ನಿಮೊರಾಜೋಲ್ ಮಾತ್ರೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಗಂಟಲು ಕ್ಯಾನ್ಸರ್. ಮುಂದಿನ ವಾರ ರೇಡಿಯೇಷನ್ ಶುರು. ಗಡ್ಡೆಯ ಒಳಗೆ ರಕ್ತ ಸರಿಯಾಗಿ ಓಡಾಡದೆ ಆಮ್ಲಜನಕ ಕಡಿಮೆ ಇರಬಹುದು ಎಂದು ಡಾಕ್ಟರ್ ಹೇಳಿದರು. ಆಮ್ಲಜನಕವೇ ಇಲ್ಲದ ಜೀವಕೋಶ ಸಾಯಲು ಎರಡೂವರೆಯಿಂದ 3 ಪಟ್ಟು ಜಾಸ್ತಿ ರೇಡಿಯೇಷನ್ ಬೇಕಂತೆ. ಇದನ್ನು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ.

ಡೆನ್ಮಾರ್ಕ್‌ನಲ್ಲಿ ಇಂಥವರಿಗೆ ರೇಡಿಯೇಷನ್‌ಗೆ ಮುಂಚೆ ನಿಮೊರಾಜೋಲ್ ಮಾತ್ರೆ ಕೊಡುತ್ತಾರೆ. ಆಮ್ಲಜನಕ ಮಾಡಬೇಕಾದ ಕೆಲಸವನ್ನು ಗಡ್ಡೆಯೊಳಗೆ ಅದು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ನಮ್ಮ ಕಡೆ ಯಾರಿಗಾದರೂ ಕೊಟ್ಟಿದ್ದಾರಾ? ಮಾತ್ರೆಯಿಂದ ಆಗುವ ವಾಕರಿಕೆ, ವಾಂತಿ ತಡೆದುಕೊಳ್ಳುವಷ್ಟಿತ್ತಾ? ಡಾಕ್ಟರನ್ನು ಕೇಳದೆ ಏನೂ ಕೊಡುವುದಿಲ್ಲ, ಅವರ ಹತ್ತಿರ ಏನು ಕೇಳಬೇಕು ಅಂತ ತಿಳಿಯಬೇಕು.

ಇನ್ನೊಂದು. ಅಪ್ಪ ಬೀಡಿ ಬಿಡುತ್ತಿಲ್ಲ. ಹೊಗೆಯಿಂದ ರಕ್ತ ಹೊತ್ತೊಯ್ಯುವ ಆಮ್ಲಜನಕ ಇನ್ನೂ ಕಡಿಮೆಯಾಗುತ್ತದೆ, ಅಲ್ವಾ? ನಿಮ್ಮ ಮನೆಯವರಿಗೆ ಹೇಗೆ ಬಿಡಿಸಿದಿರಿ, ದಯವಿಟ್ಟು ಹೇಳಿ.