ಬಾಂಡ್ ‘ವಿಮೆ’ ವಿಮೆಯೋ, ಜಾಮೀನೋ?

ಗೆಳೆಯರೇ, ಅಮೆರಿಕದ ಸ್ಥಳೀಯ ಸಂಸ್ಥೆಗಳ ಸಾಲದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ನಗರ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಶಾಲೆಗಳನ್ನು ನಡೆಸುವ ‘ಶಾಲಾ ಜಿಲ್ಲೆ’ಗಳು ಬಾಂಡ್ ಮಾರಿ ಸಾಲ ಎತ್ತುತ್ತವೆ. ಎಷ್ಟೋ ಸಲ ಆ ಬಾಂಡ್‌ಗೆ ‘ಇನ್ಶೂರೆನ್ಸ್’ ಕೂಡ ಮಾಡಿಸುತ್ತವೆ. ಸುಮ್ನೆ ‘ಬಾಂಡ್ ವಿಮೆ’ ಎಂದು ಬರೆದುಬಿಟ್ಟೆ. ಎರಡು ಪುಟ ದಾಟುವಷ್ಟರಲ್ಲಿ ಸಿಕ್ಕಿಬಿದ್ದೆ.

ಮನೆಗೆ ಬೆಂಕಿ ಬಿದ್ದರೆ ವಿಮೆ ಕಂಪನಿ ದುಡ್ಡು ಕೊಡುತ್ತದೆ, ಆಮೇಲೆ ಅದನ್ನು ನಮ್ಮಿಂದಲೇ ವಸೂಲಿ ಮಾಡುವುದಿಲ್ಲ. ಇಲ್ಲಿ ಹಾಗಲ್ಲ. ನಗರ ಬಡ್ಡಿ ಕಟ್ಟದಿದ್ದರೆ ಕಂಪನಿ ಬಾಂಡ್‌ದಾರರಿಗೆ ಕಟ್ಟಿ, ಆಮೇಲೆ ನಗರದ ಬೆನ್ನು ಹತ್ತುತ್ತದೆ. ಇದು ‘ಜಾಮೀನು ನಿಲ್ಲುವುದು’ ಅಲ್ವಾ? ಆದರೆ ಜಾಮೀನು ಎಂದ ಕೂಡಲೇ ಓದುಗರಿಗೆ ಕೋರ್ಟು ನೆನಪಾಗುತ್ತದೆ.

ಪ್ರೀಮಿಯಂಗೆ ‘ಕಂತು’ ಅಂತೂ ಹೊಂದುವುದೇ ಇಲ್ಲ. ಸಾಮಾನ್ಯವಾಗಿ ಬಾಂಡ್ ಹೊರಡಿಸುವಾಗಲೇ ಪೂರ್ತಿ ಕಟ್ಟಿಬಿಡುತ್ತಾರೆ. ಕಂತಿನಲ್ಲಿ ಕೊಡುವವರು ವಿಮೆಯವರೇ! ಸಾಲಗಾರ ಕೈಯೆತ್ತಿದರೆ ಅಸಲು, ಬಡ್ಡಿಯನ್ನು ಮೊದಲಿನ ಗಡುವಿನಂತೆಯೇ ತೀರಿಸುತ್ತಾ ಹೋಗುತ್ತಾರೆ. ಸದ್ಯಕ್ಕೆ ‘ವಿಮೆ ಶುಲ್ಕ’ ಎಂದಿಟ್ಟಿದ್ದೇನೆ.

ಜಾಸ್ತಿ ಕಾಡಿದ್ದು ‘ಪಬ್ಲಿಕ್’. 1971ರಲ್ಲಿ ಅಲಾಸ್ಕಾದ ಜೂನೋದಲ್ಲಿ ಒಂದು ವೈದ್ಯಕೀಯ ಕಟ್ಟಡದ 6.5 ಲಕ್ಷ ಡಾಲರ್ ಬಾಂಡ್‌ಗೆ ಅಂಬ್ಯಾಕ್ ಎಂಬ ಕಂಪನಿ ವಿಮೆ ಕೊಟ್ಟಿತು. ಈ ವ್ಯವಹಾರ ಶುರುವಾಗಿದ್ದೇ ಅಲ್ಲಿಂದ. ಅದು ಖಾಸಗಿ ಕಂಪನಿ. ಮುಂದೆ ಷೇರು ಪೇಟೆಗೆ ಬಂದಾಗ ಇಂಗ್ಲಿಷಿನಲ್ಲಿ ‘ಪಬ್ಲಿಕ್’ ಆಯಿತು. ‘ಸಾರ್ವಜನಿಕ’ ಎಂದರೆ ಸರ್ಕಾರದ್ದು ಎಂದೇ ಓದುತ್ತಾರೆ. ಹಾಗಾಗಿ ‘ಸರ್ಕಾರಿ’, ‘ಖಾಸಗಿ’ ಎಂದೇ ಬರೆಯುತ್ತಿದ್ದೇನೆ.

ಟೆಕ್ಸಸ್‌ನಲ್ಲಿ 1983ರಿಂದ ಶಾಲಾ ಜಿಲ್ಲೆಗಳ ಬಾಂಡ್‌ಗೆ ರಾಜ್ಯದ ಶಾಶ್ವತ ಶಾಲಾ ನಿಧಿಯೇ ಹೊಣೆ. ಅದಕ್ಕೆ ಅವರು ವಿಮೆ ಎನ್ನುವುದಿಲ್ಲ, ‘ಗ್ಯಾರಂಟಿ’ ಎನ್ನುತ್ತಾರೆ. ನನ್ನ ಒಲವು ‘ಖಾತರಿ’ ಕಡೆಗೆ. ಆಗ ಖಾಸಗಿಯವರದ್ದು ವಿಮೆ, ಸರ್ಕಾರದ್ದು ಖಾತರಿ ಎಂದು ಬೇರ್ಪಡಿಸಬಹುದು. ಮಾಡುವ ಕೆಲಸ ಮಾತ್ರ ಎರಡರದ್ದೂ ಒಂದೇ.

ಕೊನೆಯದು, 2012ರಲ್ಲಿ ಹುಟ್ಟಿದ ಬಿಲ್ಡ್ ಅಮೆರಿಕ ಮ್ಯೂಚುಯಲ್ ಎಂಬ ಬಾಂಡ್ ವಿಮೆ ಕಂಪನಿ. ವಿಮೆ ಕೊಂಡ ಸ್ಥಳೀಯ ಸಂಸ್ಥೆಗಳೇ ಅದರ ಒಡೆಯರು. ಇಂಥ ‘ಮ್ಯೂಚುಯಲ್’ ವಿಮೆಗೆ ‘ಪರಸ್ಪರ ವಿಮೆ’ ಎಂದರೆ ಇಬ್ಬರು ಒಬ್ಬರಿಗೊಬ್ಬರು ವಿಮೆ ಮಾಡಿಸಿದಂತೆ ಕೇಳುತ್ತದೆ. ‘ಸದಸ್ಯರ ಒಡೆತನದ ವಿಮೆ’ ತುಸು ಉದ್ದ. ಬ್ಯಾಂಕಿನಲ್ಲೋ ವಿಮೆಯಲ್ಲೋ ಕೆಲಸ ಮಾಡಿದವರು ಮಾತಿನಲ್ಲಿ ಇದಕ್ಕೆ ಏನನ್ನುತ್ತೀರಿ?