ಅಂತರಗಂಗೆ ಕಾಗದದ ಅಂಚೆ ಕಾರ್ಡ್: ಶಾಯಿ ಹರಡುತ್ತಿದೆ, ಬಗ್ಗಿಸಿದರೆ ಸೀಳುತ್ತಿದೆ

ಉಣಕಲ್ ದಂಡೆ:
ನಮಸ್ಕಾರ. ನಾನು ಹುಬ್ಬಳ್ಳಿಯವಳು. ಉಣಕಲ್ ಕೆರೆಯ ಅಂತರಗಂಗೆಯಿಂದ ಕಾಗದ ಮಾಡಿ, ಅದರ ಮೇಲೆ ಚಿತ್ರ ಬರೆದು ಅಂಚೆಯಲ್ಲಿ ಕಳಿಸುತ್ತೇನೆ. ಮೇಲ್ ಆರ್ಟ್ ಅಂತಾರಲ್ಲ, ಅದು.

ಈ ಸಲ ತೆಗೆದುಕೊಂಡದ್ದು ಗ್ರೀಕರ ಹಯಸಿಂಥಸ್ ಕಥೆ. ಅಪೊಲೊ ದೇವರು ಎಸೆದ ಡಿಸ್ಕಸ್ (ಆಟದ ಭಾರದ ತಟ್ಟೆ) ಬಡಿದು ಅವನ ಗೆಳೆಯ ಹಯಸಿಂಥಸ್ಸೇ ಸಾಯುತ್ತಾನೆ. ಆ ರಕ್ತದಿಂದ ಹೂ ಹುಟ್ಟುತ್ತದೆ, ಅದರ ಎಸಳ ಮೇಲೆ ಅಪೊಲೊ 'ಆಯ್ ಆಯ್' ಅಂತ ತನ್ನ ಅಳುವನ್ನು ಬರೆಯುತ್ತಾನೆ. ನಮ್ಮ 'ಅಯ್ಯೋ' ಇದ್ದ ಹಾಗೆ. ಅಂತರಗಂಗೆಗೆ ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್ ಅನ್ನುತ್ತಾರೆ. ಗಿಡ ಬೇರೆ ನಿಜ, ಇದು ದಕ್ಷಿಣ ಅಮೆರಿಕದ್ದು. ಆದರೂ ಚರಂಡಿ ನೀರು ಕುಡಿದು ಕೊಬ್ಬಿ, ಕೆರೆ ಮುಚ್ಚಿ, ಮೇಲೆ ಅಷ್ಟು ಚೆಂದದ ನೇರಳೆ ಹೂ ಬಿಟ್ಟಾಗ ನನಗೆ ಆ ಅಕ್ಷರಗಳೇ ನೆನಪಾಗುತ್ತವೆ.

ಈಗ ಸಮಸ್ಯೆ. ದಂಟನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿ, ತೊಳೆದು, ಮಿಕ್ಸರಿಗೆ ಹಾಕಿ, ಸೊಳ್ಳೆ ಜಾಲರಿ ಬಡಿದ ಚೌಕಟ್ಟಿನಲ್ಲಿ ಎತ್ತಿ ಮಾಳಿಗೆ ಮೇಲೆ ಬಿಸಿಲಿಗೆ ಇಡುತ್ತೇನೆ. ಒಣಗಿದ ಮೇಲೆ ಹಪ್ಪಳದ ಹಾಗೆ ಸುರುಟಿ ಚಟಚಟ ಅನ್ನುತ್ತದೆ. ಫೌಂಟನ್ ಪೆನ್ನಿನಲ್ಲಿ ಬರೆದರೆ ಶಾಯಿ ಹರಡುತ್ತದೆ. ಗದಗಿನ ಗೆಳತಿಗೆ ಕಳಿಸಿದ ಕಾರ್ಡಿನಲ್ಲಿ ಪಿನ್ ಕೋಡಿನ 8 ನೀಲಿ ಕಲೆ ಆಗಿ, ಕಾರ್ಡ್ ನನಗೇ ವಾಪಸ್ ಬಂತು.

ಸಾಧನಕೇರಿ:
ತಂಗಿ, ನಿನ್ನ ಕಾಗದಕ್ಕೆ ಗಂಜಿ ಬಿದ್ದಿಲ್ಲ, ಅಷ್ಟೇ. ಒಂದು ಹನಿ ನೀರು ಹಾಕಿ ನೋಡು. ಹನಿ ಮುತ್ತಿನ ಹಾಗೆ ನಿಂತರೆ ಸರಿ, ತಕ್ಷಣ ಇಂಗಿದರೆ ಶಾಯಿಯೂ ಹಾಗೇ ಇಂಗುತ್ತದೆ. ಸೀರೆಗೆ ಹಾಕುವುದಕ್ಕಿಂತ ತೆಳ್ಳಗೆ ಅಕ್ಕಿ ಗಂಜಿ ಕಾಯಿಸಿ, ಸೋಸಿ, ಪೂರ್ತಿ ಒಣಗಿದ ಹಾಳೆಗೆ ಎರಡೂ ಕಡೆ ಬ್ರಷ್‌ನಿಂದ ಸವರು. ಒಣಗಿದ ಮೇಲೆ ಇನ್ನೊಂದು ಸಲ. ಪಟಿಕ ಹಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಅದರ ಆಮ್ಲಕ್ಕೆ ಕಾಗದ ವರ್ಷ ಕಳೆದಂತೆ ಹಳದಿಯಾಗಿ ಪುಡಿಯಾಗುತ್ತದೆ.

ಸುರುಟುವುದು ಬೇರೆ ಕಾರಣಕ್ಕೆ. ಈ ಗಿಡದಲ್ಲಿ ಸುಮಾರು ನೂರಕ್ಕೆ 90ಕ್ಕಿಂತ ಜಾಸ್ತಿ ನೀರೇ ಇರುವುದು, ನಾರು ಕಡಿಮೆ. ಬರೀ ಅದರಿಂದ ಮಾಡಿದರೆ ಒಣಗುವಾಗ ಸಿಕ್ಕಾಪಟ್ಟೆ ಕುಗ್ಗುತ್ತದೆ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ರಾತ್ರಿಯಿಡೀ ನೆನೆಸಿ ಅರ್ಧಕ್ಕರ್ಧ ಸೇರಿಸು. ನ್ಯೂಸ್‌ಪೇಪರ್ ಬೇಡ, ಅದೂ ಬೇಗ ಹಳದಿಯಾಗುತ್ತದೆ. ಬಿಸಿಲಿಗಂತೂ ಇಡಲೇಬೇಡ. ಹಳೇ ಧೋತರದ ಎರಡು ತುಂಡುಗಳ ನಡುವೆ ಹಾಳೆ ಇಟ್ಟು, ಮೇಲೆ ಮಣೆ, ಅದರ ಮೇಲೆ ರುಬ್ಬುಗುಂಡು. ದಿನಾ ಬಟ್ಟೆ ಬದಲಿಸು.

ಇನ್ನೊಂದು ಮಾತು, ಇದನ್ನು ಸುಮ್ನೆ ಹೇಳುತ್ತಿಲ್ಲ. ಗ್ಲೌಸ್ ಹಾಕಿಕೋ, ಬೇರು ಬಳಸಬೇಡ. ನೀರಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಈ ಗಿಡ ಹೀರಿಕೊಂಡು ಬೇರಿನಲ್ಲೇ ಜಾಸ್ತಿ ಇಟ್ಟುಕೊಳ್ಳುತ್ತದೆ. ಉಳಿದ ಕಸವನ್ನು ಬೇರೆ ಕೆರೆಯ ಹತ್ತಿರ ಚೆಲ್ಲಬೇಡ. ಒಂದು ತುಂಡು ಬದುಕಿದರೂ ಸಾಕು, ಅಲ್ಲೂ ಹಬ್ಬುತ್ತದೆ.

ಕೆಂಪು ಡಬ್ಬಿ:
ಅಕ್ಕಾರೇ, ಅಂಚೆಯ ಕಡೆಯಿಂದ ಎರಡು ಮಾತು. ವಿಳಾಸಕ್ಕೆ ಬಾಲ್‌ಪೆನ್ ಬಳಸಿ, ಇಲ್ಲವೇ ವಾಟರ್‌ಪ್ರೂಫ್ ಇಂಡಿಯನ್ ಇಂಕ್. ಕೈಕಾಗದ ದಪ್ಪಗೆ, ಉಬ್ಬುತಗ್ಗಾಗಿದ್ದರೆ ಬಿಡಿ ಕಾರ್ಡಾಗಿ ಹಾಕಬೇಡಿ, ಕವರಿನಲ್ಲಿಟ್ಟು ತೂಕ ಮಾಡಿಸಿ ಸ್ಟಾಂಪ್ ಹಚ್ಚಿ. ಮುದ್ರೆ ಕಾರ್ಡಿನ ಮೇಲೇ ಬೀಳಬೇಕು ಅನ್ನುವ ಆಸೆ ಇರುತ್ತದೆ, ನನಗೂ ಇದೆ. ಹಾಗಿದ್ದರೆ ಕೌಂಟರಿನಲ್ಲಿ ಕೈಯಿಂದ ಮುದ್ರೆ ಒತ್ತಿ ಅಂತ ವಿನಂತಿಸಿ. ಮತ್ತೆ, ಹೊರದೇಶಕ್ಕೆ ಕಳಿಸುವಾಗ ಬೀಜ, ಒಣಹೂ ಅಂಟಿಸಬೇಡಿ, ಗಿಡ-ಬೀಜ ತಪಾಸಣೆಯ ಕ್ವಾರಂಟೈನ್‌ನಲ್ಲಿ ತಡೆಯಬಹುದು.

ಉಣಕಲ್ ದಂಡೆ:
ಮೂರು ವಾರ ಆಯ್ತು. ಅರ್ಧಕ್ಕರ್ಧ ಮಿಶ್ರಣ, ಎರಡು ಸಲ ಗಂಜಿ, ರುಬ್ಬುಗುಂಡು. ಹನಿ ನಿಂತಿತು! ಹತ್ತರಲ್ಲಿ ಎಂಟು ಹಾಳೆ ಚಪ್ಪಟೆ ಬಂದಿವೆ, ಎರಡರ ಅಂಚು ಮಾತ್ರ ಎದ್ದಿದೆ.

ಒಂದು ಕಡೆ ಮಾತ್ರ ಬೇಕಂತಲೇ ಗಂಜಿ ಹಚ್ಚಲಿಲ್ಲ. ಹೂವಿನ ಎಸಳಿದ್ದ ಜಾಗ. ಅಲ್ಲಿ 'ಆಯ್' ಅಂತ ಬರೆದೆ. ಶಾಯಿ ನಾರಿನ ಉದ್ದಕ್ಕೂ ಕೂದಲೆಳೆಯ ಹಾಗೆ ಹರಡಿತು, ನೀರಿನಲ್ಲಿ ಇಳಿಬಿದ್ದ ಬೇರಿನ ಹಾಗೇ. ವಿಳಾಸ ಬಾಲ್‌ಪೆನ್ನಿನಲ್ಲಿದೆ. ಗದಗಿಗೆ ನಿನ್ನೆ ಮುಟ್ಟಿದೆಯಂತೆ.