ಹಳೆಯ ಮನೆ ಮಾರಲು ನಿಮಗೆ ಎಷ್ಟು ಕಾಲ ಹಿಡಿಯಿತು?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ ಇದೆ. ಅವರು ತೀರಿಕೊಂಡು ಎರಡು ವರ್ಷ. ನಾನು ಬೆಂಗಳೂರಿನಲ್ಲಿ, ಅಣ್ಣ ಅಮೆರಿಕದಲ್ಲಿ. ಮಾರಾಟಕ್ಕಿಟ್ಟು ನಾಲ್ಕು ತಿಂಗಳಾಯಿತು. ಹನ್ನೊಂದು ಮಂದಿ ಬಂದು ನೋಡಿ, ಕಾಫಿ ಕುಡಿದು ಹೋದರು. ಒಬ್ಬರೂ ಮರಳಿ ಬರಲಿಲ್ಲ. ಇಷ್ಟು ಕಾಲ ಹಿಡಿಯುವುದು ಸಹಜವೇ? ಬೆಲೆ ಇಳಿಸಬೇಕೇ? ಮಾರಿದವರು ಹೇಳಿ.

ಕುವೆಂಪುನಗರದ ಮನೆ ಮಾರಿದವರು: ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. 30x40 ಸೈಟಿನಲ್ಲಿ ಮೂವತ್ತೈದು ವರ್ಷದ ಮನೆ. ಅದರಲ್ಲಿ ಗಿರಾಕಿ ಸಿಗದೆ ಕಳೆದದ್ದು ಹತ್ತು ತಿಂಗಳು. ಉಳಿದದ್ದನ್ನು ಕಾಗದಪತ್ರ ನುಂಗಿತು.

2024ರ ಜುಲೈನಲ್ಲಿ, ಆಷಾಢ ಎಂಬ ಪರಿವೆಯೂ ಇಲ್ಲದೆ ಬೋರ್ಡು ತೂಗುಹಾಕಿದೆವು. ತಿಂಗಳಿಡೀ ಗೇಟಿನ ಬಳಿ ಯಾರೂ ನಿಲ್ಲಲಿಲ್ಲ. ಶ್ರಾವಣದಲ್ಲಿ ಬಂದವರು ನಮ್ಮ ಬೆಲೆ ಕೇಳಿ ಮುಗುಳ್ನಕ್ಕು ಹೋದರು. ಅಪ್ಪ ಹಾಕಿಸಿದ ತೇಗದ ಬಾಗಿಲು, ಕೆಂಪು ನೆಲ, ಹಿತ್ತಿಲಿನ ತೆಂಗು ಎಲ್ಲವನ್ನೂ ನಾವು ಲೆಕ್ಕಕ್ಕೆ ಹಿಡಿದಿದ್ದೆವು. ದಲ್ಲಾಳಿಯೇ ಕೊನೆಗೆ ಬಾಯಿ ಬಿಟ್ಟು ಹೇಳಿದರು: "ಇವರೆಲ್ಲ ಸೈಟಿಗೆ ಬೆಲೆ ಕಟ್ಟುತ್ತಿದ್ದಾರೆ ಸ್ವಾಮಿ, ಮನೆಗಲ್ಲ. ಒಡೆಯುವ ಖರ್ಚನ್ನೂ ಅದರಲ್ಲೇ ಕಳೆಯುತ್ತಾರೆ." ಅಮ್ಮನಿಗೆ ಅದನ್ನು ಹೇಳಲು ನನಗೆ ಒಂದು ವಾರ ಬೇಕಾಯಿತು. ಬೆಲೆ ಇಳಿಸಿದ ಮೇಲೆ, 2025ರ ಮೇ ತಿಂಗಳಲ್ಲಿ, ಒಂದು ಕೋಟಿ ಹತ್ತು ಲಕ್ಷಕ್ಕೆ ಮಾತಾಗಿ ಮುಂಗಡ ಪಡೆದು ಕ್ರಯದ ಕರಾರು ಮಾಡಿಕೊಂಡೆವು.

ನಿಜವಾದ ಕಥೆ ಇಲ್ಲಿಂದ ಶುರು. ಕೊಳ್ಳುವವರು ಸಾಲ ತೆಗೆಯುವವರು; ಅವರ ಬ್ಯಾಂಕಿನ ವಕೀಲರು ಮೂವತ್ತು ವರ್ಷಕ್ಕೂ ಹಿಂದಿನ ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲಿನ ಸಾಲ, ಅಡಮಾನ ತೋರಿಸುವ ಪತ್ರ, ಕೇಳಿದರು. ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ಸಿಕ್ಕಿತು. ಹಳೆಯದಕ್ಕೆ ಉಪನೋಂದಣಿ ಕಚೇರಿಗೆ ಅಲೆದೆ. ಕೈಗೆ ಬಂದ ಹಾಳೆಯಲ್ಲಿ, ಮನೆ ಕಟ್ಟುವಾಗ ಅಪ್ಪ ಒಂದು ಸಹಕಾರ ಸಂಘಕ್ಕೆ ಬರೆದುಕೊಟ್ಟ ಅಡಮಾನ ಕುಳಿತಿತ್ತು. ಸಾಲ ಎಂದೋ ತೀರಿತ್ತು. ರಸೀದಿಗಳನ್ನು ಅಪ್ಪ ದಾರ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದರು. ಆದರೆ ಅಡಮಾನ ಬಿಡುಗಡೆ ಮಾಡಿದ್ದನ್ನು ನೋಂದಣಿ ಮಾಡಿಸಿರಲಿಲ್ಲ. ಆ ಸಂಘ ಅಷ್ಟರಲ್ಲಿ ಬೇರೊಂದರೊಳಗೆ ಸೇರಿಹೋಗಿತ್ತು. ಹಳೆಯ ಲೆಡ್ಜರ್ ಹುಡುಕಿಸಿ, ಅವರ ಸಹಿ ಮಾಡಿಸಿ, ಬಿಡುಗಡೆ ಪತ್ರ ನೋಂದಣಿಯಾಗುವ ಹೊತ್ತಿಗೆ ಹತ್ತು ವಾರ.

ಆ ತಡಕ್ಕೂ ಬೆಲೆ ತೆತ್ತೆವು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ನಮ್ಮ ಕ್ರಯಪತ್ರ ಆದದ್ದು ಸೆಪ್ಟೆಂಬರ್ ಮೊದಲ ವಾರ, ಗಣೇಶನ ಹಬ್ಬ ಮುಗಿದು ಪಿತೃಪಕ್ಷ ಹಿಡಿಯುವ ಮೊದಲು. ಹೆಚ್ಚು ಬಿದ್ದ ಒಂದು ಲಕ್ಷ ಹತ್ತು ಸಾವಿರವನ್ನು "ತಡ ನಿಮ್ಮದು" ಎಂದು ಕೊಳ್ಳುವವರು ಬೆಲೆಯಲ್ಲಿ ಮುರಿದುಕೊಂಡರು. ವಾದಿಸಲು ನನ್ನಲ್ಲಿ ಮಾತಿರಲಿಲ್ಲ. ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೊ, ಸಹಿ ಎಲ್ಲ ಸೇರಿ ಮುಕ್ಕಾಲು ಗಂಟೆ.

ಆದ್ದರಿಂದ ಬೆಲೆಯ ಮಾತು ಆಮೇಲೆ. ಪಾಲಿಕೆಯ ಆಸ್ತಿ ದಾಖಲೆಯಾದ ಖಾತೆ ಯಾರ ಹೆಸರಿನಲ್ಲಿದೆ ಎಂದು ನೀವು ಬರೆದಿಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತೆ (ಅದೇ ದಾಖಲೆಯ ಗಣಕೀಕೃತ ರೂಪ) ಇಲ್ಲದೆ ನಗರದ ಆಸ್ತಿ ನೋಂದಣಿಯಾಗುವುದಿಲ್ಲ. ವಂಶವೃಕ್ಷ, ಮರಣ ಪ್ರಮಾಣಪತ್ರ ಹಿಡಿದು ಮೊದಲು ಪಾಲಿಕೆಗೆ ಹೋಗಿ.

ವಿದೇಶದಲ್ಲಿ ತಮ್ಮ ಇರುವವರು: ಅಣ್ಣ ಅಮೆರಿಕದಲ್ಲಿ ಎಂದಿರಲ್ಲ, ಅದಕ್ಕೆ ಎರಡು ಮಾತು. ಅವರು ಬರಲಾಗದಿದ್ದರೆ, ಅವರ ಪರವಾಗಿ ನೀವು ಸಹಿ ಮಾಡಲು ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ದೃಢೀಕರಿಸಿ ಕಳಿಸಲಿ. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನಾವು ಅದನ್ನು ಬೀರುವಿನಲ್ಲಿ ಭದ್ರವಾಗಿಟ್ಟು ಅವಧಿ ಮೀರಿಸಿ, ಮತ್ತೊಂದು ತರಿಸಿದೆವು. ಎರಡನೆಯದು ತೆರಿಗೆ. ಮಾರಾಟದ ಬೆಲೆ ಐವತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಇಲ್ಲಿರುವವರ ಪಾಲಿನಲ್ಲಿ ಕೊಳ್ಳುವವರು ಶೇ 1 ಮುರಿದುಕೊಂಡು ಕಟ್ಟುತ್ತಾರೆ. ಅನಿವಾಸಿಯ ಪಾಲಿಗೆ ಆ ಲೆಕ್ಕ ನಡೆಯುವುದಿಲ್ಲ, ಕಡಿತ ಬಹಳ ದೊಡ್ಡದು. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಗಿರಾಕಿ ಗೊತ್ತಾದ ಕೂಡಲೇ ಅಣ್ಣ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಲಿ. ಆ ಕಡಿತದ ಮಾತು ಕೇಳಿಯೇ ನಮ್ಮ ಮೊದಲ ಗಿರಾಕಿ ಕಾಲ್ತೆಗೆದರು.

ಈಚೆಗೆ ಮನೆ ಕೊಂಡವರು: ನಾನು ಆಚೆ ಬದಿಯವನು. ಆರು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆ ನೋಡಿದೆ. ಕೊಂಡದ್ದು ಅಗ್ಗದ್ದನ್ನಲ್ಲ, ಮೂಲಪತ್ರ, ಇ-ಖಾತೆ, ಕಂದಾಯ ರಸೀದಿಯ ಪ್ರತಿಗಳನ್ನು ಮೊದಲ ಭೇಟಿಯಲ್ಲೇ ಕೈಗಿಟ್ಟವರ ಮನೆಯನ್ನು. ದಕ್ಷಿಣ ದಿಕ್ಕಿನ ಬಾಗಿಲು ಎಂದು ನಮ್ಮ ಅತ್ತೆ ಈಗಲೂ ಗೊಣಗುತ್ತಾರೆ, ಅದು ಬೇರೆ ಮಾತು.

ಪ್ರಶ್ನೆ ಕೇಳಿದವರು: ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಬಂದ ಹನ್ನೊಂದು ಮಂದಿಯಲ್ಲಿ ಇಬ್ಬರು ಅದನ್ನೇ ಕೇಳಿದ್ದರು. "ಆಗುತ್ತದೆ ಬಿಡಿ" ಎಂದು ಹೇಳಿ, ಅವರು ಹೋದ ಮೇಲೆ ನಾನು ಗೇಟಿಗೆ ಬಣ್ಣ ಹೊಡೆಸಿದೆ.